ಕೊಡಗಿನ ಮನೆಗೆ ಎಷ್ಟು ದೊಡ್ಡ ಫ್ರಿಜ್ ಬೇಕು?

(ಮಳೆಗಾಲದ ಮುನ್ನ ಮಡಿಕೇರಿ ತಾಲ್ಲೂಕಿನ ಗ್ರಾಮವೊಂದರಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ಹೊಳೆ, ದೇವರಕಾಡು, ತೋಟದ ನೆರಳುಮರ ಇವುಗಳನ್ನು ಕುರಿತು ಚರ್ಚಿಸುವ ಈ ಬಳಗದ ಮುಂದೆ ಅಡುಗೆಮನೆಯ ಮೂಲೆಯಲ್ಲಿ ನಿಂತಿರುವ ಫ್ರಿಜ್ಜನ್ನು ಕುರಿತು ಮಾತನಾಡುವುದು ಎಷ್ಟು ಉಚಿತ ಎಂದು ಕೆಲವರು ಬೆಳಿಗ್ಗೆ ಕೇಳಿದರು. ಪ್ರಶ್ನೆ ಸಹಜವಾದುದೇ. ಆದರೆ ನಮ್ಮ ಮನೆಗಳಲ್ಲಿ ವರ್ಷದ ಎಲ್ಲ ದಿನಗಳಲ್ಲೂ ಹಗಲಿರುಳು ವಿದ್ಯುತ್ತಿಗೆ ಜೋಡಿಸಿಯೇ ಇರುವ ಉಪಕರಣ ಬಹುಮಟ್ಟಿಗೆ ಇದೊಂದೇ. ಮೈಸೂರಿನಿಂದ ಕೋಯಿಕ್ಕೋಡಿಗೆ ಹೋಗುವ 400 ಕಿಲೋವೋಲ್ಟ್ ಮಾರ್ಗಕ್ಕಾಗಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ವಿದ್ಯುತ್ತು ನಮಗಾಗಿ ಬಂದುದಲ್ಲ, ನಿಜ. ಆದರೆ ನಮ್ಮ ಮನೆಗೆ ಬರುವ ವಿದ್ಯುತ್ತು ಕೂಡ ಇನ್ಯಾರದೋ ಊರಿನ ಮರಗಳ ನಡುವೆ ದಾರಿ ಮಾಡಿಕೊಂಡೇ ಬಂದಿರುತ್ತದೆ. ಅದೂ ಅಲ್ಲದೆ, ಈ ಪೆಟ್ಟಿಗೆಯ ಹೊಟ್ಟೆಯಲ್ಲಿರುವ ಅನಿಲದ ಕಥೆ ಇಪ್ಪತ್ತನೆಯ ಶತಮಾನದ ಪರಿಸರ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ಅದಕ್ಕೆ ಕಡೆಯಲ್ಲಿ ಬರುತ್ತೇನೆ.

ಮೊದಲು ಒಂದು ಸಣ್ಣ ಕೆಲಸ. ಮನೆಗೆ ಹೋದ ಕೂಡಲೇ ನಿಮ್ಮ ಫ್ರಿಜ್ಜಿನ ಒಳಗೋಡೆಯಲ್ಲೋ ಹಿಂಬದಿಯಲ್ಲೋ ಅಂಟಿಸಿರುವ ತಾಂತ್ರಿಕ ವಿವರಗಳ ಚೀಟಿಯನ್ನು ಓದಿ. ಅದರಲ್ಲಿ ಹವಾಮಾನ ವರ್ಗ ಎಂಬ ಒಂದು ನಮೂದು ಇರುತ್ತದೆ. ನಮ್ಮ ದೇಶದಲ್ಲಿ ಮಾರಾಟವಾಗುವ ಫ್ರಿಜ್ಜುಗಳಲ್ಲಿ ಬಹುಪಾಲು 'ಟಿ' ವರ್ಗದವು, ಅಂದರೆ ಉಷ್ಣವಲಯದವು. ಕೋಣೆಯ ಉಷ್ಣಾಂಶ 16ರಿಂದ 43 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಅವು ಸರಿಯಾಗಿ ನಡೆಯುತ್ತವೆ ಎಂಬುದು ಅದರ ಅರ್ಥ. ರಾಯಚೂರಿಗೂ ಕಲಬುರಗಿಗೂ ಇದು ಸರಿಯಾದ ಅಳತೆ. ಮಡಿಕೇರಿಯಲ್ಲಿ ಜುಲೈ ತಿಂಗಳ ಹಗಲೇ ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹಂಚಿನ ಮನೆಯ ಅಡುಗೆಕೋಣೆ 16 ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ಹಾಗಾಗಿ ವರ್ಷದಲ್ಲಿ ಕೆಲವು ವಾರ ನಮ್ಮ ಫ್ರಿಜ್ಜುಗಳು ತಮಗೆ ನಿಗದಿಯಾದ ಎಲ್ಲೆಯ ಹೊರಗೆ ಕೆಲಸ ಮಾಡುತ್ತಿರುತ್ತವೆ. 'ಕೆಟ್ಟುಹೋಗಿದೆ' ಎಂದು ನಾವು ದೂರುವ ಎಷ್ಟೋ ಫ್ರಿಜ್ಜುಗಳು ಕೆಟ್ಟಿರುವುದೇ ಇಲ್ಲ. ಅವಕ್ಕೆ ನಮ್ಮ ಊರು ಅರ್ಥವಾಗಿಲ್ಲ, ಅಷ್ಟೇ.

ಇದರ ಪರಿಣಾಮ ಎರಡು ಬಗೆಯ ಫ್ರಿಜ್ಜುಗಳಲ್ಲಿ ಎರಡು ರೀತಿಯಾಗಿ ಕಾಣಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

ಒಂಟಿ ಬಾಗಿಲಿನ ಸಾಮಾನ್ಯ ಫ್ರಿಜ್ಜಿನಲ್ಲಿ ತಂಪನ್ನು ಅಳೆಯುವ ಥರ್ಮೋಸ್ಟಾಟಿನ ಸಣ್ಣ ನಳಿಕೆ ಮೇಲಿನ ಮಂಜುಗಡ್ಡೆಯ ಅರೆಯ ತಗಡಿಗೆ ತಾಗಿಕೊಂಡಿರುತ್ತದೆ. ಅದು ಆ ತಗಡಿನ ಶೀತವನ್ನು ನೋಡಿ ಕಂಪ್ರೆಸರನ್ನು ಓಡಿಸುತ್ತದೆ, ನಿಲ್ಲಿಸುತ್ತದೆ. ಕೆಳಗೆ ಹಾಲು, ತರಕಾರಿ ಇರುವ ಭಾಗ ಎಷ್ಟು ತಣ್ಣಗಾಗುತ್ತದೆ ಎಂಬುದು ಹೊರಗಿನಿಂದ ಎಷ್ಟು ಬಿಸಿ ಒಳಗೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ. ಹೊರಗೇ ಚಳಿಯಿದ್ದರೆ ಬಿಸಿ ಬರುವುದಿಲ್ಲ. ಕೆಳಭಾಗ ಅತಿಯಾಗಿ ತಣ್ಣಗಾಗಿ ಹಿಂಗೋಡೆಗೆ ತಾಗಿದ ಸೊಪ್ಪು ಗಾಜಿನಂತಾಗುತ್ತದೆ, ಮೊಸರಿನಲ್ಲಿ ಮಂಜಿನ ಹರಳು ಕಾಣುತ್ತದೆ. ಇದಕ್ಕೆ ಮದ್ದು ಗುಂಡಿಯನ್ನು ಕೆಳಗಿನ ಅಂಕಿಗೆ ತಿರುಗಿಸುವುದು. ಬೇಸಿಗೆಯಲ್ಲಿ 3 ಅಥವಾ 4ರಲ್ಲಿ ಇಟ್ಟಿದ್ದನ್ನು ಕಕ್ಕಡ ತಿಂಗಳಲ್ಲಿ 1 ಅಥವಾ 2ಕ್ಕೆ ಇಳಿಸಿದರೆ ಸಾಕು. ಗುಂಡಿ ಕೊನೆಯ ಅಂಕಿಯಲ್ಲಿದ್ದರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬೇಗ ಆಗುವುದಿಲ್ಲ, ಅತಿಯಾಗಿ ಆಗುತ್ತದೆ.

ಮಂಜು ಕಟ್ಟದ ಎರಡು ಬಾಗಿಲಿನ ಫ್ರಿಜ್ಜುಗಳಲ್ಲಿ ಅನೇಕ ಮಾದರಿಗಳ ಅಳತೆಯ ಸಾಧನ ಕೆಳಗಿನ ಭಾಗದಲ್ಲಿರುತ್ತದೆ. ಚಳಿಯಲ್ಲಿ ಕೆಳಭಾಗ ತಾನಾಗಿಯೇ ತಣ್ಣಗಿರುವುದರಿಂದ ಕಂಪ್ರೆಸರ್ ಅಪರೂಪಕ್ಕೊಮ್ಮೆ ಓಡುತ್ತದೆ. ಆಗ ಮೇಲಿನ ಫ್ರೀಜರಿನಲ್ಲಿಟ್ಟ ಮಾಂಸ ಮೆದುವಾಗತೊಡಗುತ್ತದೆ. ಜನ ಗಾಬರಿಗೊಂಡು ಗ್ಯಾಸ್ ಹೋಗಿದೆ ಎಂದು ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ಇಂಥ ಫ್ರಿಜ್ಜಿನ ಫ್ರೀಜರಿನೊಳಗೆ ಗಾಳಿಯನ್ನು ಹಂಚುವ ಪ್ರತ್ಯೇಕ ಗುಂಡಿಯೊಂದಿದ್ದರೆ ಅದನ್ನು ಹೆಚ್ಚು ಶೀತದ ಕಡೆಗೆ ತಿರುಗಿಸಿ ಒಂದು ದಿನ ಕಾಯಬೇಕು. ಎರಡೂ ಭಾಗಗಳಿಗೆ ಬೇರೆ ಬೇರೆ ಅಳತೆಯ ವ್ಯವಸ್ಥೆಯಿರುವ ಹೊಸ ಮಾದರಿಗಳಲ್ಲಿ ಈ ತೊಂದರೆ ಕಡಿಮೆ.

ಊಹೆಯಲ್ಲಿ ಗುಂಡಿ ತಿರುಗಿಸುವ ಬದಲು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು (ಜ್ವರದ್ದಲ್ಲ, ಶಾಲೆಯ ಪ್ರಯೋಗಾಲಯದ್ದು) ನಡುವಿನ ತಟ್ಟೆಯಲ್ಲಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. 3ರಿಂದ 5 ಡಿಗ್ರಿ ಇದ್ದರೆ ಗುಂಡಿಯನ್ನು ಮುಟ್ಟಬೇಡಿ. ಫ್ರೀಜರಿನಲ್ಲಿ ಇರಬೇಕಾದುದು ಸೊನ್ನೆಗಿಂತ 18 ಡಿಗ್ರಿ ಕೆಳಗೆ.

ಇನ್ನು ಗಾತ್ರದ ವಿಚಾರ. ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ 'ಮನೆಯಲ್ಲಿ ಎಷ್ಟು ಜನ?' ಎಂಬುದು. ನಾವು ಕೇಳಿಕೊಳ್ಳಬೇಕಾದುದು, ಫ್ರಿಜ್ಜಿನೊಳಗೆ ನಿಜವಾಗಿ ಏನೇನು ಇಡುತ್ತೇವೆ ಎಂದು. ಕೊಡಗಿನ ಅಡುಗೆಮನೆ ಶತಮಾನಗಳ ಕಾಲ ಫ್ರಿಜ್ಜಿಲ್ಲದೆ ಮಳೆಗಾಲವನ್ನು ದಾಟಿದೆ. ಕಾಚಂಪುಳಿ ಬಾಟಲಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅದರ ಹುಳಿಯೇ ಅದಕ್ಕೆ ಕಾವಲು. ಉಪ್ಪುನೀರಿನ ಕಾಡುಮಾವು, ಉಪ್ಪು ಹಾಕಿಟ್ಟ ಕಣಿಲೆ, ಒಣಮೀನು, ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಜೇನು, ಇವು ಯಾವುದಕ್ಕೂ ವಿದ್ಯುತ್ತು ಬೇಕಿಲ್ಲ. ಬಾಳೆಹಣ್ಣು ಫ್ರಿಜ್ಜಿನಲ್ಲಿ ಕಪ್ಪಾಗುತ್ತದೆ. ಕಾಫಿಪುಡಿಯನ್ನು ಫ್ರಿಜ್ಜಿನಲ್ಲಿಡುವ ಹೊಸ ಅಭ್ಯಾಸವಂತೂ ಕಾಫಿ ಬೆಳೆಯುವ ನಾಡಿಗೆ ಶೋಭಿಸುವುದಿಲ್ಲ. ತಣ್ಣನೆಯ ಡಬ್ಬಿಯನ್ನು ಪ್ರತಿದಿನ ತೆರೆದಾಗಲೆಲ್ಲ ಗಾಳಿಯ ತೇವ ಪುಡಿಯ ಮೇಲೆ ಕೂಡುತ್ತದೆ; ಪರಿಮಳ ಹೋಗಿ ಪಕ್ಕದ ಮೀನಿನ ವಾಸನೆ ಸೇರುತ್ತದೆ. ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದು ಹಾಲು, ಮೊಸರು, ಹಿಟ್ಟು, ಒಂದು ವಾರದ ತರಕಾರಿ, ಒಂದೆರಡು ಕಿಲೋ ಮಾಂಸ, ಕೆಲವರ ಮನೆಯಲ್ಲಿ ಔಷಧಿ. ನಾಲ್ಕೈದು ಜನರ ಕುಟುಂಬಕ್ಕೆ 180ರಿಂದ 200 ಲೀಟರಿನ ಒಂಟಿ ಬಾಗಿಲಿನ ಫ್ರಿಜ್ಜು ಸಾಕೆಂಬುದು ನನ್ನ ಅಭಿಪ್ರಾಯ. ಪೇಟೆಗೆ ಹದಿನೈದು ದಿನಕ್ಕೊಮ್ಮೆ ಮಾತ್ರ ಹೋಗುವ ದೂರದ ಮನೆಯವರು 250 ಲೀಟರಿನವರೆಗೆ ಯೋಚಿಸಬಹುದು.

ಕೈಲ್‌ಮುಹೂರ್ತಕ್ಕೂ ಹುತ್ತರಿಗೂ ನೆಂಟರು ಬರುತ್ತಾರೆ, ಆಗ ಮಾಂಸ ಇಡಲು ಜಾಗ ಬೇಡವೇ ಎಂದು ಕೇಳುವಿರಿ. ವರ್ಷದ ನಾಲ್ಕು ದಿನಕ್ಕಾಗಿ 361 ದಿನ ಅರ್ಧ ಖಾಲಿಯಿರುವ ಪೆಟ್ಟಿಗೆಯನ್ನು ತಂಪಾಗಿಡುವುದು ಸರಿಯಾದ ಲೆಕ್ಕಾಚಾರವಲ್ಲ. ಹಬ್ಬದ ದಿನ ಹತ್ತು ಕಿಲೋ ಹಸಿಮಾಂಸವನ್ನು ಒಮ್ಮೆಗೇ ಒಳಗೆ ತುರುಕಿದರೆ ದೊಡ್ಡ ಫ್ರಿಜ್ಜೂ ಅದನ್ನು ಸಕಾಲದಲ್ಲಿ ತಣಿಸಲಾರದು. ಮುದ್ದೆಯ ನಡುಭಾಗ ಮರುದಿನದವರೆಗೂ ಬೆಚ್ಚಗೇ ಇರುತ್ತದೆ. ಒಂದೊಂದು ಕಿಲೋದ ತೆಳುವಾದ ಪೊಟ್ಟಣಗಳನ್ನು ಮಾಡಿ ಎರಡು ಮೂರು ಸರದಿಯಲ್ಲಿ ಇಡುವುದು, ಉಳಿದುದನ್ನು ಅಂದೇ ಬೇಯಿಸುವುದು ಕ್ಷೇಮ.

ವಿದ್ಯುತ್ ಉಳಿತಾಯದ ನಕ್ಷತ್ರ ಚೀಟಿಯ ವಿಷಯ ನಿಮಗೆ ಗೊತ್ತೇ ಇದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಇದನ್ನು ಆರಂಭಿಸಿತು. ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಕೆಳಗೆ ಬರೆದಿರುವ 'ವಾರ್ಷಿಕ ಯೂನಿಟ್' ಅಂಕಿಯನ್ನು ಓದುವುದು ಮೇಲು. ಏಕೆಂದರೆ ಮಾನದಂಡವನ್ನು ಆಗಾಗ ಬಿಗಿಗೊಳಿಸುತ್ತಾರೆ; ಹಿಂದಿನ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ. ಅಲ್ಲದೆ ದೊಡ್ಡ ಫ್ರಿಜ್ಜಿನ ನಾಲ್ಕು ನಕ್ಷತ್ರ ಚಿಕ್ಕದರ ಮೂರು ನಕ್ಷತ್ರಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುವುದುಂಟು.

ಮಳೆಗಾಲದ ವಿದ್ಯುತ್ ಕಡಿತ ನಮಗೆ ಹೊಸತಲ್ಲ. ಆದರೆ 2018ರ ಆಗಸ್ಟ್ ತಿಂಗಳಲ್ಲಿ ಗುಡ್ಡಗಳು ಕುಸಿದಾಗ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ದಿನಗಟ್ಟಲೆ ವಿದ್ಯುತ್ತಿರಲಿಲ್ಲ, ರಸ್ತೆಯೂ ಇರಲಿಲ್ಲ. ಅಂಥ ಸಮಯದಲ್ಲಿ ಫ್ರಿಜ್ಜಿನಲ್ಲಿರುವುದು ಮಾಂಸ ಮಾತ್ರವಾದರೆ ನಷ್ಟ ಹಣದ್ದು. ಮಧುಮೇಹಿಯೊಬ್ಬರ ಇನ್ಸುಲಿನ್ ಅದರಲ್ಲಿದ್ದರೆ ಮಾತೇ ಬೇರೆ.

ಇಲ್ಲಿ ನಾವು ಕಲಿಯಬೇಕಾದ ಪಾಠ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಇದೆ. ಮಕ್ಕಳ ಲಸಿಕೆ ಇಡುವ ಪೆಟ್ಟಿಗೆಯನ್ನು ನೋಡಿದ್ದೀರಾ? ಅದರ ಬಾಗಿಲು ಮೇಲಕ್ಕೆ ತೆರೆಯುತ್ತದೆ, ಗೋಡೆಯ ಸುತ್ತ ನೀರಿನ ಕೊಳವೆಗಳೋ ಪೊಟ್ಟಣಗಳೋ ಇದ್ದು ಅವು ಮಂಜುಗಡ್ಡೆಯಾಗಿರುತ್ತವೆ. ದಿನಕ್ಕೆ ಎಂಟು ಗಂಟೆ ವಿದ್ಯುತ್ತು ದೊರೆತರೂ ಸಾಕು, ಒಳಗೆ 2ರಿಂದ 8 ಡಿಗ್ರಿ ಉಳಿಯುವಂತೆ ಅದನ್ನು ರೂಪಿಸಿದ್ದಾರೆ. ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡುವ ಬದಲು ಶೀತವನ್ನೇ ಕೂಡಿಡುವ ಉಪಾಯವಿದು. ಒಂದು ಕಿಲೋ ಮಂಜುಗಡ್ಡೆ ಕರಗಲು ಸುಮಾರು 80 ಕಿಲೋಕ್ಯಾಲೊರಿ ಉಷ್ಣ ಬೇಕು. ಅದೇ ಒಂದು ಕಿಲೋ ತಣ್ಣೀರು ಒಂದು ಡಿಗ್ರಿ ಏರಲು ಬೇಕಾದುದು ಒಂದೇ ಕಿಲೋಕ್ಯಾಲೊರಿ. ಇದನ್ನೇ ಮನೆಯಲ್ಲಿ ಮಾಡಬಹುದು. ಮಳೆಗಾಲ ಹಿಡಿಯುವ ಮೊದಲೇ ಒಂದು ಲೀಟರಿನ ನಾಲ್ಕೈದು ಪ್ಲಾಸ್ಟಿಕ್ ಬಾಟಲಿಗಳಿಗೆ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ನೀರು ತುಂಬಿ ಮಂಜಿನ ಅರೆಯಲ್ಲಿ ಇಡಿ. ವಿದ್ಯುತ್ತು ಹೋದಾಗ ಅವು ಕರಗುತ್ತಾ ಒಳಗನ್ನು ತಂಪಾಗಿಡುತ್ತವೆ. ನಮ್ಮ ಮಳೆಗಾಲದ ತಂಪಿನಲ್ಲಿ, ಬಾಗಿಲು ತೆರೆಯದೇ ಇದ್ದರೆ, 200 ಲೀಟರಿನ ಫ್ರಿಜ್ಜಿಗೆ ಇಷ್ಟು ಮಂಜು ಹೆಚ್ಚುಕಡಿಮೆ ಒಂದು ದಿನಕ್ಕೆ ಬರುತ್ತದೆಂದು ಲೆಕ್ಕ ಹಾಕಬಹುದು. ಏನೂ ಇಲ್ಲದ ಫ್ರಿಜ್ಜಿನಲ್ಲಾದರೆ ನಾಲ್ಕು ಗಂಟೆಗಳ ಬಳಿಕ ಹಾಲು, ಮಾಂಸ, ಬೇಯಿಸಿದ ಪದಾರ್ಥಗಳನ್ನು ನಂಬುವಂತಿಲ್ಲ.

ಮನೆ ಬಿಟ್ಟು ನಾಲ್ಕು ದಿನ ಹೊರಗೆ ಹೋಗುವವರಿಗೆ ಒಂದು ಉಪಾಯ. ಒಂದು ಬಟ್ಟಲು ನೀರನ್ನು ಮಂಜು ಮಾಡಿ ಅದರ ಮೇಲೆ ಒಂದು ನಾಣ್ಯ ಇಟ್ಟು ಹೋಗಿ. ಮರಳಿ ಬಂದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಆ ಮಾಂಸ ನೋಡಲು ಗಟ್ಟಿಯಾಗಿದ್ದರೂ ಎಸೆಯಬೇಕು.

ಇನ್ಸುಲಿನ್ ವಿಷಯದಲ್ಲಿ ಜನ ಹೆದರುವುದು ಬಿಸಿಗೆ. ಕೊಡಗಿನಲ್ಲಿ ಹೆಚ್ಚು ಹೆದರಬೇಕಾದುದು ಮಂಜಿಗೆ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು; ಆದರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆ ಕಂಡರೂ ಬಳಸಬಾರದು. ನಾನು ಮೊದಲು ಹೇಳಿದ ಒಂಟಿ ಬಾಗಿಲಿನ ಫ್ರಿಜ್ಜು ಮಳೆಗಾಲದಲ್ಲಿ ಅತಿಯಾಗಿ ತಣ್ಣಗಾದಾಗ ಮಂಜಿನ ಅರೆಯ ಕೆಳಗಿನ ತಟ್ಟೆಯಲ್ಲೋ ಹಿಂಗೋಡೆಗೆ ಒತ್ತಿಯೋ ಇಟ್ಟ ಸೀಸೆ ಹಾಳಾಗುವುದು ಹೀಗೆಯೇ. ಅದನ್ನು ಡಬ್ಬಿಯೊಂದರಲ್ಲಿ ಹಾಕಿ ನಡುವಿನ ತಟ್ಟೆಯ ಮುಂಭಾಗದಲ್ಲಿಡಿ. ವಿದ್ಯುತ್ತು ಹೋದಾಗ ಮಂಜಿನ ಬಾಟಲಿಗೆ ನೇರವಾಗಿ ತಾಗಿಸಬೇಡಿ. ಬಳಸುತ್ತಿರುವ ಸೀಸೆ ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಕೋಣೆಯ ತಂಪಿನಲ್ಲೇ ಇರಬಲ್ಲದು. ನಿಖರವಾದ ಮಿತಿ ಔಷಧಿಯ ಜೊತೆಗಿನ ಕಾಗದದಲ್ಲಿರುತ್ತದೆ, ವೈದ್ಯರನ್ನೂ ಕೇಳಿ. ಜುಲೈ ತಿಂಗಳಲ್ಲಿ ನಮ್ಮ ಮನೆಯ ಒಲೆಯಿಂದ ದೂರದ ಕಪಾಟು ಅದಕ್ಕೆ ಒಳ್ಳೆಯ ಜಾಗ. ವಿದ್ಯುತ್ತು ಹೋಯಿತೆಂದು ಆತಂಕದಿಂದ ಡೋಸ್ ತಪ್ಪಿಸುವುದು ಎಲ್ಲಕ್ಕಿಂತ ಅಪಾಯ.

ಆರೈಕೆಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸೌದೆ ಒಲೆಯಿರುವ ಅಡುಗೆಮನೆಯಲ್ಲಿ ಹಿಂಬದಿಯ ಕಪ್ಪು ಕೊಳವೆಗಳ ಮೇಲೆ ಮಸಿ, ಎಣ್ಣೆಜಿಡ್ಡು, ಧೂಳು ಸೇರಿ ಕಂಬಳಿ ಹೊದಿಸಿದಂತಾಗುತ್ತದೆ. ಫ್ರಿಜ್ಜು ಹೊರಹಾಕಬೇಕಾದ ಬಿಸಿ ಹೊರಹೋಗುವುದಿಲ್ಲ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಒಣ ಬ್ರಷ್ಷಿನಿಂದ ಉಜ್ಜಿ. ಗೋಡೆಗೂ ಅದಕ್ಕೂ ಒಂದು ಗೇಣಿನ ಅರ್ಧದಷ್ಟಾದರೂ ಅಂತರವಿರಲಿ. ಬಾಗಿಲಿನ ರಬ್ಬರಿಗೆ ನಮ್ಮ ತೇವದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಸೋಪಿನ ಬೆಚ್ಚನೆಯ ನೀರಿನಿಂದ ಮಡಿಕೆಗಳ ಒಳಗೆಲ್ಲ ಒರೆಸಿ, ಒಣಗಿಸಿ. ಬಳಿಕ ಒಂದು ಕಾಗದವನ್ನು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಮಳೆಗಾಲದ ಗಾಳಿಯಲ್ಲಿ ನೀರಿನಂಶ ತುಂಬಿರುವುದರಿಂದ ಬಾಗಿಲು ತೆರೆದಷ್ಟೂ ಮಂಜು ದಪ್ಪವಾಗುತ್ತದೆ. ಅರ್ಧ ಬೆರಳಿನಷ್ಟು ದಪ್ಪವಾಗುವ ಮೊದಲೇ ಕರಗಿಸಿಬಿಡಿ. ಆದರೆ ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತಲೇಬೇಡಿ. ಆ ತಗಡಿನೊಳಗೇ ಅನಿಲದ ನಾಳವಿದೆ. ಒಂದು ತೂತು ಬಿದ್ದರೆ ಒಳ್ಳೆಯ ಫ್ರಿಜ್ಜು ಗುಜರಿಯಾಗುತ್ತದೆ. ಹಿಂದೆ ಕಂಪ್ರೆಸರಿನ ಮೇಲಿರುವ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ಚೆಲ್ಲಿ. ಡೆಂಗೆಯ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ.

ಇನ್ನು ತೊಂದರೆಗಳು. ನಮ್ಮ ಕಡೆ ಅತಿ ಹೆಚ್ಚು ಕೇಳಿಬರುವ ದೂರು: 'ಗುಂಯ್ ಎನ್ನುತ್ತದೆ, ಟಕ್ ಎಂದು ನಿಲ್ಲುತ್ತದೆ, ಐದು ನಿಮಿಷ ಬಿಟ್ಟು ಮತ್ತೆ ಹಾಗೆಯೇ.' ಕಂಪ್ರೆಸರ್ ಹೊರಡಲು ಪ್ರಯತ್ನಿಸಿ ಸೋಲುತ್ತಿದೆ, ಅದು ಸುಟ್ಟುಹೋಗದಂತೆ ರಕ್ಷಕ ಸ್ವಿಚ್ಚು ಕಡಿಯುತ್ತಿದೆ ಎಂಬುದು ಇದರ ಅರ್ಥ. ಮೊದಲು ನೋಡಬೇಕಾದುದು ವೋಲ್ಟೇಜ್. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟು ಎಲ್ಲರ ತೋಟದಲ್ಲೂ ಸ್ಪ್ರಿಂಕ್ಲರ್ ಪಂಪು ಓಡುವಾಗ ಸಾಲಿನ ಕೊನೆಯ ಮನೆಗೆ 230 ವೋಲ್ಟ್ ಬದಲು 160, 170 ಬರುವುದುಂಟು. ಆಗ ಫ್ರಿಜ್ಜನ್ನು ಆರಿಸಿಡುವುದೇ ಲೇಸು; ಇಲ್ಲವೇ ಒಳ್ಳೆಯ ಸ್ಟೆಬಿಲೈಸರ್ ಬೇಕು. ವಿದ್ಯುತ್ತು ಹೋಗಿ ಕೂಡಲೇ ಬಂದಾಗಲೂ ಹೀಗೆ ಆಗುತ್ತದೆ, ಏಕೆಂದರೆ ನಾಳಗಳೊಳಗಿನ ಒತ್ತಡ ಸಮವಾಗಲು ಮೂರು ನಾಲ್ಕು ನಿಮಿಷ ಬೇಕು. ಅಷ್ಟು ಹೊತ್ತು ತಡೆದು ವಿದ್ಯುತ್ತು ಕೊಡುವ ಸ್ಟೆಬಿಲೈಸರನ್ನೇ ಕೇಳಿ ಕೊಳ್ಳಿ. ವೋಲ್ಟೇಜ್ ಸರಿಯಿದ್ದೂ ಇದೇ ಸದ್ದಾದರೆ ಮುಂದೆ ನೋಡಬೇಕಾದುದು ಕಂಪ್ರೆಸರಿನ ಪಕ್ಕದಲ್ಲಿರುವ ರಿಲೇ. ಅದು ಕಡಿಮೆ ಬೆಲೆಯ ಬಿಡಿಭಾಗ. ಅದನ್ನು ಬದಲಿಸಿ ನೋಡದೆ 'ಕಂಪ್ರೆಸರ್ ಹೋಯಿತು' ಎಂದು ಹೇಳುವವರ ಮಾತನ್ನು ಒಪ್ಪಬೇಡಿ.

ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದರೆ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಬಾರದು. ಒದ್ದೆ ನೆಲ, ಬರಿಗಾಲು, ಮೂರನೆಯ ಪಿನ್ನಿಗೆ ಅರ್ಥಿಂಗ್ ಇಲ್ಲದಿರುವುದು, ಈ ಮೂರೂ ಸೇರಿದರೆ ಜೀವಕ್ಕೆ ಅಪಾಯ. ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ವಿದ್ಯುತ್ ಸೋರಿಕೆಯಾದೊಡನೆ ಕಡಿಯುವ ಸ್ವಿಚ್ಚನ್ನು ಮೀಟರಿನ ಬಳಿ ಹಾಕಿಸಿ. 2018, 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದಂತೆ ಎಲ್ಲಾದರೂ ಮನೆಯೊಳಗೆ ನೀರು ಬಂದರೆ, ನೀರಿಳಿದ ಮೇಲೆ ಫ್ರಿಜ್ಜು ಒಣಗಿದಂತೆ ಕಂಡಿತೆಂದು ಪ್ಲಗ್ ಹಾಕಬೇಡಿ. ತಳಭಾಗ ಬಿಚ್ಚಿ ಪರೀಕ್ಷಿಸಲೇಬೇಕು.

ಜೀಪಿನಲ್ಲಿ ಮಲಗಿಸಿ ತಂದ ಫ್ರಿಜ್ಜನ್ನು ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಚಾಲೂ ಮಾಡಿ. ಕಂಪ್ರೆಸರಿನ ಎಣ್ಣೆ ಸ್ವಸ್ಥಾನಕ್ಕೆ ಮರಳಬೇಕು.

ಈಗ ಅನಿಲದ ಕಥೆ. 'ಗ್ಯಾಸ್ ಮುಗಿದಿದೆ, ತುಂಬಿಸಬೇಕು' ಎಂಬ ಮಾತನ್ನು ಎಲ್ಲರೂ ಕೇಳಿದ್ದೀರಿ. ಫ್ರಿಜ್ಜಿನ ಅನಿಲ ಅಡುಗೆ ಅನಿಲದಂತೆ ಉರಿದು ಮುಗಿಯುವುದಲ್ಲ. ಮುಚ್ಚಿದ ನಾಳಗಳಲ್ಲಿ ಸುತ್ತುತ್ತಲೇ ಇರುವಂಥದ್ದು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆಯನ್ನು ಹುಡುಕಿ ಮುಚ್ಚದೆ ಹೊಸದನ್ನು ತುಂಬಿಸುವುದು ಒಡೆದ ಮಡಕೆಗೆ ನೀರು ಸುರಿದಂತೆ, ಮತ್ತು ಆ ನೀರು ಹೋಗುವುದು ಆಕಾಶಕ್ಕೆ. ಹಳೆಯ ಫ್ರಿಜ್ಜುಗಳಲ್ಲಿದ್ದ ಸಿ.ಎಫ್.ಸಿ.-12 ಎಂಬ ಅನಿಲ ಓಜೋನ್ ಪದರವನ್ನು ನಾಶ ಮಾಡುತ್ತದೆಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ರಂಧ್ರ ಪತ್ತೆಯಾಯಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದಿತು, 1992ರಲ್ಲಿ ಭಾರತ ಸೇರಿತು, 2008ರಲ್ಲಿ ನಮ್ಮಲ್ಲಿ ಸಿ.ಎಫ್.ಸಿ. ಉತ್ಪಾದನೆ ನಿಂತಿತು. ಅದರ ಬದಲಿಗೆ ಬಂದ ಆರ್-134ಎ ಓಜೋನಿಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,300 ಪಟ್ಟು ಪ್ರಬಲ. ಇದನ್ನು ತಗ್ಗಿಸಲೆಂದು 2016ರ ಕಿಗಾಲಿ ತಿದ್ದುಪಡಿ ಬಂದಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಇಂದಿನ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ವಾತಾವರಣಕ್ಕೆ ಇದರ ಹಾನಿ ಅತ್ಯಲ್ಪ, ಆದರೆ ಇದು ಹೊತ್ತಿಕೊಳ್ಳುವ ಅನಿಲ. ಯಾವ ಅನಿಲವಿದೆ ಎಂದು ಕಂಪ್ರೆಸರಿನ ಚೀಟಿಯಲ್ಲಿ ಓದದೆ ಬೆಸುಗೆಯ ಜ್ವಾಲೆ ಹಚ್ಚುವ ಮೆಕ್ಯಾನಿಕ್‌ನನ್ನು ದಯವಿಟ್ಟು ತಡೆಯಿರಿ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. 100 ಗ್ರಾಂ ಆರ್-134ಎ ಗಾಳಿಗೆ ಬಿಟ್ಟರೆ 130 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ನಮ್ಮ ದೇಶದ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋ ಇದೆ. ವರ್ಷಕ್ಕೆ 150 ಯೂನಿಟ್ ಬಳಸುವ ಫ್ರಿಜ್ಜಿನ ಇಡೀ ವರ್ಷದ ಪಾಲು 105 ಕಿಲೋ. ಗುಜರಿಯವನು ತಾಮ್ರದ ಆಸೆಗೆ ನಾಳ ಕತ್ತರಿಸುವ ಒಂದು ಕ್ಷಣ ಅದನ್ನೂ ಮೀರುತ್ತದೆ.

ಹಳೆಯ ಫ್ರಿಜ್ಜುಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ಹೇಳಬೇಕು. ಬಹಳಷ್ಟು ಲೈನ್‌ಮನೆಗಳಿಗೆ ಹೋಗುತ್ತವೆ. ತೋಟದ ಧಣಿ ಹೊಸತು ತಂದಾಗ ಹಳೆಯದನ್ನು ಕಾರ್ಮಿಕರಿಗೆ ಕೊಡುವುದು ಔದಾರ್ಯವೇ ಸರಿ. ಆದರೆ ಸಣ್ಣ ವೈರು, ಅರ್ಥಿಂಗ್ ಇಲ್ಲದ ಗೋಡೆ, ಎಲ್ಲಕ್ಕಿಂತ ಕಡಿಮೆ ವೋಲ್ಟೇಜ್ ಇರುವ ಮನೆಗೆ ಎಲ್ಲಕ್ಕಿಂತ ಹೆಚ್ಚು ವಿದ್ಯುತ್ತು ತಿನ್ನುವ ಹಳೆಯ ಯಂತ್ರ ಹೋದರೆ ಆ ಔದಾರ್ಯದ ಬಿಲ್ಲನ್ನು ಕಟ್ಟುವವರು ಯಾರು? ಕೊಡುವುದಾದರೆ ರಬ್ಬರ್ ಬದಲಿಸಿ, ಅರ್ಥಿಂಗ್ ಹಾಕಿಸಿ ಕೊಡಿ. ದುರಸ್ತಿಗೆ ಮೀರಿದುದನ್ನು ತೋಡಿನ ಬದಿಗೆ ತಳ್ಳಬೇಡಿ. ಫ್ರಿಜ್ಜು ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರ ಮೂಲಕ ಅದನ್ನು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಹೊಸತನ್ನು ಕೊಳ್ಳುವ ಅಂಗಡಿಯಲ್ಲಿ 'ಹಳೆಯದು ಎಲ್ಲಿಗೆ ಹೋಗುತ್ತದೆ?' ಎಂದು ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

(ಉಪನ್ಯಾಸದ ಬಳಿಕ ಹಿರಿಯ ತಾಯಿಯೊಬ್ಬರು, ಕೆಟ್ಟ ಫ್ರಿಜ್ಜನ್ನು ಇಲಿ ಬಾರದಂತೆ ಅಕ್ಕಿ, ಕರಿಮೆಣಸು ಇಡಲು ಬಳಸಬಹುದೇ ಎಂದು ಕೇಳಿದರು. ಉತ್ತರ:) ಬಳಸಬಹುದು ಅಮ್ಮಾ, ಆದರೆ ಮೊದಲು ತಿಳಿದವರಿಂದ ಅನಿಲವನ್ನು ಸಿಲಿಂಡರಿಗೆ ತೆಗೆಸಿ. ಚೆನ್ನಾಗಿ ಒಣಗಿದ ಕಾಳನ್ನು ಮಾತ್ರ ಇಡಿ; ತೇವವಿದ್ದರೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಮೆಣಸಿಗೆ ಬೂಷ್ಟು ಬರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೊರಗಿನಿಂದ ಚಿಲಕ, ಬೀಗ ಹಾಕಿಡಿ. ಯಾವುದಕ್ಕೂ ಬಳಸದೆ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಇಡುವುದಾದರೆ ಬಾಗಿಲನ್ನೇ ಕಳಚಿಡಿ. ಆಟಕ್ಕೆ ಒಳಗೆ ಹೊಕ್ಕ ಮಗುವಿಗೆ ಒಳಗಿನಿಂದ ಅದನ್ನು ತೆರೆಯಲಾಗದೆ ಹೋಗಬಹುದು.